ಖರ್ಚಿನ ಮೂರನೇ ಪಾಲು

ಸೋಮವಾರ, 12 ಫೆಬ್ರವರಿ 2024

ಕೇಸು ಇವತ್ತೂ ಮುಂದಕ್ಕೆ ಹೋಯಿತು. ಜಡ್ಜ್ ಸಾಹೇಬರು ರಜೆ. ಇಷ್ಟು ತಿಳಿಯಲಿಕ್ಕೆ ಅಂಗಡಿ ಬಾಗಿಲು ಹಾಕಿ ಮಧ್ಯಾಹ್ನದ ತನಕ ರಾಮದುರ್ಗ ಕೋರ್ಟಿನ ಕಟ್ಟೆ ಮೇಲೆ ಕುಳಿತದ್ದು. ಮದುವೆ ಸೀಸನ್ ಬೇರೆ. ಮ್ಯಾಚಿಂಗ್ ಬ್ಲೌಸ್‌ಪೀಸಿಗೆ ಬಂದವರೆಲ್ಲ ಬೀಗ ನೋಡಿ ಎದುರಿನ ಅಂಗಡಿಗೆ ಹೋಗಿರುತ್ತಾರೆ. ಹೋಗಲಿ.

ಕೂಗುವಾಗ ಮಾತ್ರ ಮೈ ಉರಿಯುತ್ತದೆ. “ಒಂದನೇ ಪ್ರತಿವಾದಿ ಅನ್ನಪೂರ್ಣಾ ಅಂದಾನೆಪ್ಪ” — ಇಡೀ ವರಾಂಡ ತಿರುಗಿ ನೋಡುತ್ತದೆ. ಹೊಲ ನನ್ನ ಹೆಸರಿನಲ್ಲಿದೆ, ಅದಕ್ಕೆ ನಾನು ಒಂದನೇ. ತೆನೆಯಿಂದ ಕಾಳು ಬಿಡಿಸುವ ರಾಶಿ ಮಷೀನು ದುಂಡಪ್ಪನದು, ಅವನು ಎರಡನೇ. ಆ ಮಷೀನು ತಿರುಗಿಸಿದ ಟ್ರ್ಯಾಕ್ಟರ್ ನನ್ನ ಮೈದುನ ಬಸವಲಿಂಗನದು, ಅವನು ಮೂರನೇ. ವಾದಿ ಇಂದ್ರವ್ವ. ಸುರೇಬಾನದ ನಮ್ಮ ಹೊಲದಲ್ಲಿ ಗೋವಿನಜೋಳದ ರಾಶಿ ನಡೆದಾಗ ತೆನೆ ಹಾಕುತ್ತಿದ್ದ ಅವಳ ಬಲಗೈ ಮಷೀನಿನ ಬಾಯಿಗೆ ಸಿಕ್ಕಿತು. ಮಣಿಕಟ್ಟಿನ ತನಕ ಹೋಯಿತು. ಎರಡು ವರ್ಷ ದಾಟಿದವು.

ಅವಳಿಗೆ ಪರಿಹಾರ ಕೊಡಬೇಕು. ಅದರಲ್ಲಿ ನನ್ನ ತಕರಾರಿಲ್ಲ. ಯಾರು ಎಷ್ಟು ಕೊಡಬೇಕು ಅನ್ನುವುದಕ್ಕೆ ಈ ಅಲೆದಾಟ.

ಮೂವರಿಗೂ ಸೇರಿ ಒಬ್ಬರೇ ವಕೀಲರು — ವಿರೂಪಾಕ್ಷ ವಕೀಲರು. ಇದು ಬಸವಲಿಂಗನ ತಲೆ. “ವೈನಿ, ಮೂರು ಮಂದಿ ಮೂರು ವಕೀಲರನ್ನ ಹಿಡದ್ರ ಒಬ್ಬರ ಮ್ಯಾಲೆ ಒಬ್ಬರು ಹಾಕಬೇಕಾಗತೈತಿ. ನಾಳೆ ಒಂದ ಪಂಕ್ತ್ಯಾಗ ಕುಂತು ಉಣ್ಣೂದು ಹ್ಯಾಂಗ?” ಸರಿ ಎನಿಸಿತು ಆಗ. ಫೀ ಮೂರು ಪಾಲು. ಟೈಪಿಂಗ್ ಮೂರು ಪಾಲು. ಇವತ್ತು ಚಹಾದ ದುಡ್ಡನ್ನೂ ದುಂಡಪ್ಪ ಮೂರು ಪಾಲು ಮಾಡಿದ. ಎರಡು ಮಿರ್ಚಿ ಅವನೊಬ್ಬನೇ ಹೆಚ್ಚಿಗೆ ತಿಂದಿದ್ದ, ಅದೂ ಅದರಲ್ಲೇ ಸೇರಿತು.

ಶನಿವಾರ, 2 ಮಾರ್ಚ್

ಸಂಜೆ ವಕೀಲರ ಆಫೀಸು. ಹದಿನೆಂಟಕ್ಕೆ ಇಂದ್ರವ್ವನ ಪಾಟಿ ಸವಾಲು. ನಾವು ಮೂವರೂ ಬಂದು ಕೂರಬೇಕಂತೆ.

ಮಷೀನಿನ ಬಾಯಿಗೆ ಒಂದು ತಗಡಿನ ಮುಚ್ಚಳ ಇರುತ್ತದೆ, ಕೈ ಒಳಗೆ ಹೋಗದ ಹಾಗೆ. ಅವತ್ತು ರಾಶಿ ಬೇಗ ಮುಗಿಯಲಿ ಎಂದು ದುಂಡಪ್ಪ ಅದನ್ನು ಬಿಚ್ಚಿಟ್ಟಿದ್ದ. ನಾವು ಕೋರ್ಟಿಗೆ ಉತ್ತರವಾಗಿ ಬರೆದುಕೊಟ್ಟ ಕೈಫಿಯತ್ತಿನಲ್ಲಿ ಮಾತ್ರ ಮುಚ್ಚಳ ಇತ್ತು, ಇಂದ್ರವ್ವನದೇ ನಿರ್ಲಕ್ಷ್ಯ ಎಂದಿದೆ. ಕೆಳಗೆ ಮೂರು ಸಹಿ. ಇದೇನು ಎಂದು ಮತ್ತೆ ಕೇಳಿದೆ. “ಕೈಫಿಯತ್ತು ಅಂದ್ರ ಹಂಗ ಬರಿಯೂದರಿ ಅಕ್ಕಾರ. ಎಲ್ಲಾರೂ ಹಂಗ ಬರಿತಾರು” ಅಂದರು ವಕೀಲರು.

ಆಮೇಲೆ ಅದೂ ಇದೂ ಮಾತು. ಇಂದ್ರವ್ವ ದುಡಿಯುವುದು ರಾಮವ್ವನ ಗ್ಯಾಂಗಿನಲ್ಲಿ. ಹೆಣ್ಣಾಳುಗಳ ಗುಂಪು. ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿಯುತ್ತಾರೆ, ಬಂದದ್ದನ್ನು ಸಮ ಪಾಲು ಮಾಡಿಕೊಳ್ಳುತ್ತಾರೆ. ಕೈ ಹೋದ ಮೇಲೂ ಇಂದ್ರವ್ವನ ಪಾಲು ನಿಂತಿಲ್ಲ. ವಾರ ವಾರ ಅವಳ ಮನೆಗೆ ಹೋಗುತ್ತದೆ. ನನಗೆ ಇದು ರಾಮವ್ವನ ಬಾಯಿಂದ ಗೊತ್ತು. ವಕೀಲರಿಗೆ ಹೇಳಿದೆ. “ನಾವು ಮೂರು ಮಂದಿ ಚಹಾದ ರೊಕ್ಕಕ್ಕ ಜಗಳಾಡತೇವಿ, ಅವರು ನೋಡ್ರಿ” ಅಂದೆ.

ವಕೀಲರು ಪೆನ್ನು ಎತ್ತಿದರು. “ಪ್ರತಿ ವಾರಾನೂ?”

“ಪ್ರತಿ ವಾರ.”

“ಪೂರಾ ಪಾಲು?”

“ಪೂರಾ.”

ಅವರಿಗೂ ಮನಸ್ಸಿಗೆ ತಟ್ಟಿತು ಅಂದುಕೊಂಡೆ. ನನಗೊಂದು ಚಹಾ ಹೆಚ್ಚಿಗೆ ತರಿಸಿದರು.

ಸೋಮವಾರ, 18 ಮಾರ್ಚ್

ಏನು ಬರೆಯಲಿ.

ಇಂದ್ರವ್ವ ಕಟಕಟೆಯಲ್ಲಿ. ಮಗಳು ಪ್ರಜ್ಞಾ ಹಿಂದಿನ ಬೆಂಚಿನಲ್ಲಿ, ಡ್ಯೂಟಿಯಿಂದ ನೇರ ಬಂದಿದ್ದಳು, ಕಂಡಕ್ಟರ್ ಯೂನಿಫಾರ್ಮಿನಲ್ಲೇ. ವಿರೂಪಾಕ್ಷ ವಕೀಲರು ಬಹಳ ನಯವಾಗಿ ಶುರು ಮಾಡಿದರು.

“ಈಗ ನಿಮಗ ಗಳಿಕಿ ಏನೂ ಇಲ್ಲಂತ ಹೇಳೀರಿ. ಹೌದಿಲ್ಲೊ?”

“ಹೌದ್ರಿ.”

“ರಾಮವ್ವನ ಗ್ಯಾಂಗಿನಿಂದ ನಿಮಗ ಪಾಲು ಬರತೈತಿ ಅಂದ್ರ ಸುಳ್ಳೇನು?”

ಇಂದ್ರವ್ವ ಕತ್ತು ನೆಟ್ಟಗೆ ಮಾಡಿದಳು. “ಯಾಕ ಸುಳ್ಳ ಆಗತೈತ್ರಿ? ಬರತೈತಿ. ಎಲ್ಲಾರಿಗೆ ಎಷ್ಟೋ ನನಗೂ ಅಷ್ಟ. ಒಂದ ವಾರ ತಪ್ಪಸಿಲ್ಲ ಅವರು.”

“ಅಂದ್ರ ಕೈ ಹೋಗೂಕಿಂತ ಮೊದಲ ಎಷ್ಟು ಬರತಿತ್ತೋ ಈಗೂ ಅಷ್ಟ ಬರತೈತಿ.”

“ಹೌದ್ರಿ ಮತ್ತ.”

ಸಾಹೇಬರು ಬರೆಸಿದರು. ಟೈಪು ಕಟಕಟ ಬಿತ್ತು. ಇಂದ್ರವ್ವನಿಗೆ ಏನೂ ತಿಳಿಯಲಿಲ್ಲ. ಗ್ಯಾಂಗಿನ ಮರ್ಯಾದೆ ಎತ್ತಿ ಹಿಡಿದೆ ಎಂಬ ಮುಖದಲ್ಲಿ ಕೆಳಗಿಳಿದಳು. ಪ್ರಜ್ಞಾಗೆ ತಿಳಿಯಿತು. ವಕೀಲರನ್ನು ನೋಡಿದಳು, ಆಮೇಲೆ ನನ್ನನ್ನು.

ಹೊರಗೆ ದುಂಡಪ್ಪ ವಕೀಲರ ಕೈ ಕುಲುಕಿದ. ಗಳಿಕೆಗೆ ಧಕ್ಕೆಯಾಗಿಲ್ಲ ಅಂದ ಮೇಲೆ ಪರಿಹಾರ ಅರ್ಧಕ್ಕೆ ಇಳಿಯುತ್ತದಂತೆ. ಬಸವಲಿಂಗ ನನಗೆ, “ವೈನಿ, ಇವತ್ತಿನ ಚಹಾ ನನ್ನದು” ಅಂದ. ನಾನು ಕುಡಿಯಲಿಲ್ಲ.

ಮಂಗಳವಾರ, 19 ಮಾರ್ಚ್

ವಕೀಲರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಅಂದೆ. “ನಾ ಗ್ಯಾಂಗಿನವರನ್ನ ಹೊಗಳಾಕ ಹೇಳಿದ್ದು. ನೀವು ಅದನ್ನ ತಗೊಂಡು ಇಂದ್ರವ್ವಗ ಚುಚ್ಚಿದ್ರಿ.”

ಅವರಿಗೆ ಸಿಟ್ಟೂ ಬರಲಿಲ್ಲ. “ಅಕ್ಕಾರ, ನೀವು ನನ್ನ ಪಾರ್ಟಿ. ಪರಿಹಾರ ಕಮ್ಮಿ ಆದ್ರ ನಿಮಗ ಲಾಭ. ನಿಮ್ಮ ಕಡಿಂದ ಫೀ ತಗೊಂಡು ಆಕಿ ಕೇಸು ನಡಸಾಕ ಬರತೈತೇನು?”

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು.

ಊಟದ ಹೊತ್ತಿಗೆ ನಮ್ಮವರು, “ಮಷೀನಿಗಿಂತ ಮೊದಲ ನಿನ್ನ ಬಾಯಿಗೆ ಒಂದು ತಗಡು ಬಡಿಬೇಕಾಗಿತ್ತು ನೋಡು” ಅಂದರು. ಎರಡನೇ ರೊಟ್ಟಿ ಬಡಿಸಲಿಲ್ಲ. ತಾವೇ ಎದ್ದು ಹಾಕಿಕೊಂಡರು.

ಶನಿವಾರ, 6 ಏಪ್ರಿಲ್

ಸುರೇಬಾನಕ್ಕೆ ಹೊರಟೆ. ಬಸ್ಸಿಗೆ ಪ್ರಜ್ಞಾಳೇ ಕಂಡಕ್ಟರ್. ಹೆಂಗಸರಿಗೆ ಫ್ರೀ, ಆದರೂ ಆಧಾರ್ ತೋರಿಸಬೇಕು. ಅವಳು ಹುಟ್ಟಿದಾಗಿನಿಂದ ನನ್ನ ಗುರುತು. ಮೊದಲೆಲ್ಲ “ಅಕ್ಕಾರ ಕುಂಡ್ರಿ” ಎಂದು ಚೀಟಿ ಹರಿದು ಕೊಡುತ್ತಿದ್ದಳು.

“ಮೇಡಂ, ಆಧಾರ್.”

ಕೊಟ್ಟೆ. ಫೋಟೊ ನೋಡಿದಳು, ಮುಖ ನೋಡಿದಳು, ವಾಪಸು ಕೊಟ್ಟಳು. ಬಸ್ಸು ಖಾಲಿ ಇತ್ತು. ಅವಳ ಸೀಟಿನ ಹತ್ತಿರ ಹೋಗಿ ಹೇಳಿಬಿಟ್ಟೆ. “ಪಾಲಿನ ಮಾತು ವಕೀಲರಿಗೆ ಹೇಳಿದಾಕಿ ನಾನ ಪ್ರಜ್ಞಾ. ಕೆಟ್ಟ ಮಾಡಬೇಕಂತ ಹೇಳಿಲ್ಲ. ಆದ್ರ ಹೇಳಿದಾಕಿ ನಾನ.”

“ಗೊತ್ತರಿ. ಮತ್ಯಾರು ಹೇಳತಾರು?” ಆಮೇಲೆ, “ಪಾಲು ನಿಂತತಿ. ನಮ್ಮ ವಕೀಲರು ಹೇಳಿದ್ರು, ಕೇಸು ಮುಗಿಯೂ ತನಕಾ ಒಂದು ರೂಪಾಯಿ ತಗೋಬ್ಯಾಡ್ರಿ, ಹೊಲದ ಕಡೆ ಹಾಯಬ್ಯಾಡ್ರಿ, ಯಾರರ ಫೋಟೊ ಹೊಡದ್ರ ಕೇಸ ಹೋತು ಅಂತ. ರಾಮವ್ವ ಅಳಕೋತ ಹೋದ್ಲು.”

ಇಳಿಯುವಾಗ ಅವಳು ಸೀಟಿ ಊದಿದಳು, ಅಷ್ಟೇ.

ಸೋಮವಾರ, 24 ಜೂನ್

ಇಷ್ಟು ದಿನ ಬರೆಯಲಾಗಲಿಲ್ಲ. ಬರೆಯುವಂಥದ್ದೂ ಇರಲಿಲ್ಲ. ತಾರೀಖು, ತಾರೀಖು.

ಇವತ್ತು ಇಂದ್ರವ್ವನ ಮನೆಗೆ ಹೋದೆ. ಎದುರು ಪಾರ್ಟಿ ಮನೆಗೆ ಹೋಗಬಾರದಂತೆ. ಹೋದೆ. ಬಾಗಿಲು ಅರ್ಧ ಮುಚ್ಚಿತ್ತು, ಹಾಡುಹಗಲಲ್ಲಿ. ಎಡಗೈಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮೊರ ಪಕ್ಕಕ್ಕೆ ಸರಿಸಿದಳು. ಆಮೇಲೆ ನಾಚಿಕೊಂಡು ನಕ್ಕಳು. “ನೀವೇನು ಫೋಟೊ ಹೊಡಿಯೂದಿಲ್ಲ ಬಿಡ್ರಿ.”

ಯಾರೋ ಹೊಡೆದಿದ್ದಾರೆ. ಕೊಡ ಎತ್ತುವಾಗ ಮೊಬೈಲಿನಲ್ಲಿ ವೀಡಿಯೊ ಮಾಡಿ ದುಂಡಪ್ಪನಿಗೆ ಕಳಿಸಿದ್ದಾರೆ. ಅವತ್ತಿನಿಂದ ನೀರಿಗೂ ಹೋಗುವುದಿಲ್ಲ. ಪ್ರಜ್ಞಾ ಡ್ಯೂಟಿಗೆ ಹೋಗುವ ಮೊದಲೇ ತುಂಬಿಟ್ಟು ಹೋಗುತ್ತಾಳೆ.

“ನಂಗ ಉಣ್ಣಾಕ ಕಮ್ಮಿ ಇಲ್ರಿ ಅಕ್ಕಾರ, ಮಗಳು ಗಳಸತಾಳು. ಆದ್ರ ಪಾಲು ಬರತಿತ್ತಲ್ರಿ, ಶನಿವಾರಕ್ಕೊಮ್ಮೆ ಎಲ್ಲಾರೂ ಬಂದು ಕುಂಡ್ರತಿದ್ರು. ಯಾವ ಹೊಲ, ಏನು ಬೆಳಿ, ಯಾರು ಜಗಳಾಡಿದ್ರು, ಎಲ್ಲಾ ಹೇಳತಿದ್ರು. ನಾನೂ ಹೋಗಿ ಬಂದಂಗ ಆಗತಿತ್ತು. ಈಗ ಅವರು ಓಣ್ಯಾಗ ಹಾಯೂದಿಲ್ಲ. ನನ್ನ ಕೇಸು ಕೆಡತೈತಂತ ಸುತ್ತ ಹಾಕಿ ಹೋಗತಾರ.”

ನನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಬರುವಾಗ ಬಸ್ಸಿನಲ್ಲಿ ಅತ್ತೆ. ಯಾರೂ ನೋಡಲಿಲ್ಲ.

ಶುಕ್ರವಾರ, 5 ಜುಲೈ

ವಿರೂಪಾಕ್ಷ ವಕೀಲರ ವಕಾಲತ್ತು ಬಿಡಿಸಿಕೊಂಡೆ. ಸವದತ್ತಿಯ ಒಬ್ಬ ವಕೀಲಬಾಯಿಯನ್ನು ಹಿಡಿದೆ. ಸಣ್ಣ ವಯಸ್ಸು, ಚುರುಕು. ನನ್ನದೇ ಬೇರೆ ಕೈಫಿಯತ್ತು ಕೊಡಲು ಅರ್ಜಿ ಹಾಕುತ್ತಾರಂತೆ. ಒಪ್ಪಿಗೆ ಸಿಕ್ಕರೆ ನಿಜ ಬರೆಯಬಹುದು. “ಖರ್ಚು ನಿಮಗ ಒಬ್ಬರಿಗೇ ಬೀಳತೈತಿ ನೋಡ್ರಿ” ಅಂದರು. ಬೀಳಲಿ.

ಸಂಜೆ ಇಬ್ಬರೂ ಮನೆಗೆ ಬಂದರು. ದುಂಡಪ್ಪ ಕೂರಲೂ ಇಲ್ಲ. ಬಸವಲಿಂಗ ಅಂದ, “ವೈನಿ, ನಿಮ್ಮ ಮೂರನೇ ಪಾಲು ಈಗ ನಮ್ಮಿಬ್ಬರ ಮ್ಯಾಲ ಬಿತ್ತು. ಅದು ಹೋಗಲಿ. ನೀವು ಮುಚ್ಚಳ ಇರಲಿಲ್ಲಂತ ಬರದ್ರ ನಾವು ಸುಳ್ಳರಾಗತೇವಿ.”

“ಮುಚ್ಚಳ ಇತ್ತೇನಪಾ?”

ದುಂಡಪ್ಪ ಗೋಡೆ ಕಡೆ ತಿರುಗಿ ನಿಂತಿದ್ದ. ಅವನ ಬಗ್ಗೆ ಕೆಟ್ಟದ್ದೇ ಬರೆದರೆ ನನಗೂ ಪಾಪ. ಅವತ್ತು ಬೆಲ್ಟ್ ಕಿತ್ತೆಸೆದು ಮಷೀನು ನಿಲ್ಲಿಸಿದವನು ಅವನು. ತನ್ನ ರುಮಾಲು ಸುತ್ತಿ, ಇಂದ್ರವ್ವನನ್ನು ಎತ್ತಿಕೊಂಡು ಓಡಿದವನು. ಆ ಮಷೀನು ಮತ್ತೆ ನಡೆಸಲಿಲ್ಲ, ಗುಜರಿಗೆ ಹಾಕಿದ. ಆದರೂ ಕೋರ್ಟಿನಲ್ಲಿ ಮುಚ್ಚಳ ಇತ್ತು ಎನ್ನುತ್ತಾನೆ. ಹೆದರಿಕೆ ಮನುಷ್ಯನಿಂದ ಏನೇನು ಮಾಡಿಸುತ್ತದೆ.

ಬುಧವಾರ, 11 ಸೆಪ್ಟೆಂಬರ್

ಕಟಕಟೆ ಹತ್ತಿದೆ. ಬೇರೆ ಕೈಫಿಯತ್ತಿಗೆ ಒಪ್ಪಿಗೆ ಸಿಕ್ಕಿತ್ತು. ಹೇಳಬೇಕಾದದ್ದು ಹೇಳಿದೆ. ಮುಚ್ಚಳ ಇರಲಿಲ್ಲ. ಇತ್ತು ಅಂತ ಬರೆದದ್ದಕ್ಕೆ ನಾನೂ ಸಹಿ ಮಾಡಿದ್ದೇನೆ, ಅದು ತಪ್ಪು. ಮೋಡ ಕಟ್ಟಿತ್ತು, ತೆನೆ ತೋಯಬಾರದು ಎಂದು ನೋಡಿಯೂ ನಾನು ರಾಶಿ ನಿಲ್ಲಿಸಲಿಲ್ಲ.

ಆಮೇಲೆ ವಿರೂಪಾಕ್ಷ ವಕೀಲರು ಎದ್ದರು. ನನ್ನನ್ನು ಅಕ್ಕಾರ ಅನ್ನಲಿಲ್ಲ ಇವತ್ತು.

“ವಾದಿಗೆ ಗ್ಯಾಂಗಿನಿಂದ ಪೂರಾ ಪಾಲು ಬರತಿತ್ತು. ಖರೆ ಹೌದಿಲ್ಲೊ?”

“ಖರೆ.”

“ಅಂದ್ರ ಗಳಿಕಿ ಕಮ್ಮಿ ಆಗಿಲ್ಲ.”

“ನೀವು ಜ್ವರ ಬಂದು ಮಲಕೊಂಡಾಗ ಬಾಜೂ ಮನಿಯವರು ಗಂಜಿ ಕೊಟ್ರ, ನೀವು ಗಳಿಸಿದಂಗ ಆತೇನ್ರಿ?”

ಹಿಂದೆ ಯಾರೋ ನಕ್ಕರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಅಂದರು ಸಾಹೇಬರು. ಆದರೆ ಅದನ್ನೂ ಬರೆಸಿಕೊಂಡರು, ನಾನು ನೋಡಿದೆ.

ಹೊರಗೆ ಬಂದಾಗ ಬಸವಲಿಂಗ ಮುಖ ತಿರುಗಿಸಿ ಬೈಕು ಹತ್ತಿದ. ಒಬ್ಬಳೇ ಚಹಾ ಕುಡಿದು ಒಬ್ಬಳೇ ದುಡ್ಡು ಕೊಟ್ಟೆ.

ಭಾನುವಾರ, 24 ನವೆಂಬರ್

ಗೋವಿನಜೋಳ ರಾಶಿ ಮುಗಿಯಿತು. ಬಸವಲಿಂಗ ಟ್ರ್ಯಾಕ್ಟರ್ ಕೊಡಲಿಲ್ಲ. ಬೇರೆ ಕಡೆಯಿಂದ ತಂದೆ. ರಾಮವ್ವ ಗ್ಯಾಂಗ್ ಕರೆತಂದಳು, ಆದರೆ ಮಷೀನಿಗೆ ತೆನೆ ಹಾಕುವುದಿಲ್ಲ ಎಂದು ಮೊದಲೇ ಹೇಳಿದಳು. ಸರಿ ಅಂದೆ. ಮುಚ್ಚಳ ನಾನೇ ಎರಡು ಸಲ ಅಲ್ಲಾಡಿಸಿ ನೋಡಿದೆ. ಮಷೀನಿನವನು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು.

ದೀಪಾವಳಿಗೆ ಮೈದುನನ ಮನೆಯಿಂದ ಯಾರೂ ಬರಲಿಲ್ಲ. ನಮ್ಮವರು ತಮ್ಮನ ಸುದ್ದಿ ಬಂದರೆ ಎದ್ದು ಹೋಗುತ್ತಾರೆ.

ಬುಧವಾರ, 29 ಜನವರಿ 2025

ತೀರ್ಪು!

ಪರಿಹಾರ ಪೂರ್ತಿ, ಅರ್ಧವಲ್ಲ. ಮೂವರೂ ಹೊಣೆ. ಮಷೀನಿನವನದು ದೊಡ್ಡ ಪಾಲು, ಹೊಲದವಳದೂ ಟ್ರ್ಯಾಕ್ಟರಿನವನದೂ ಸಣ್ಣದು. ಗ್ಯಾಂಗಿನವರು ಕೊಟ್ಟದ್ದು ಅವರ ಒಳ್ಳೆಯತನ, ಅದನ್ನು ಗಳಿಕೆ ಎಂದು ಹಿಡಿದು ಪ್ರತಿವಾದಿಗಳು ಲಾಭ ಮಾಡಿಕೊಳ್ಳುವಂತಿಲ್ಲ ಅಂದಿದ್ದಾರೆ. ಇದನ್ನು ಓದಿದಾಗ ವಕೀಲಬಾಯಿ ನನ್ನ ಕೈ ಹಿಚುಕಿದರು.

ಕೊನೆಗೆ ದಾವೆಯ ಖರ್ಚು. ಇಂದ್ರವ್ವನಿಗೆ ಆದ ಕೋರ್ಟು ಫೀ, ಅವಳ ವಕೀಲರ ಫೀ, ಸಾಕ್ಷಿ ಹೇಳಲು ಬಂದ ಡಾಕ್ಟರರ ಖರ್ಚು, ಎಲ್ಲ ಎರಡನೇ ಮತ್ತು ಮೂರನೇ ಪ್ರತಿವಾದಿ ಮಾತ್ರ ಕೊಡಬೇಕು. ಸುಳ್ಳು ಹೇಳಿ ಕೇಸು ಎಳೆದದ್ದಕ್ಕೆ. ಒಂದನೇ ಪ್ರತಿವಾದಿ ತಪ್ಪು ಒಪ್ಪಿಕೊಂಡು ಸತ್ಯ ನುಡಿದಿದ್ದಾಳೆ, ಆಕೆಯ ಮೇಲೆ ಖರ್ಚು ಇಲ್ಲ.

ಸತ್ಯ ನುಡಿದಿದ್ದಾಳೆ. ಮೂರು ಸಲ ಓದಿಸಿಕೊಂಡೆ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಪೇಢೆ ತಂದು ಓಣಿಗೆಲ್ಲ ಹಂಚಿದೆ. ಪರಿಹಾರ ಕೊಡಬೇಕಾದವಳು ಪೇಢೆ ಹಂಚಿದ್ದನ್ನು ನೋಡಿ ನಮ್ಮವರು ನಗುತ್ತಿದ್ದರು.

ಸೋಮವಾರ, 3 ಫೆಬ್ರವರಿ

ಅಪೀಲು ಹೋಗುತ್ತಾರಂತೆ ಇಬ್ಬರೂ. ವಿರೂಪಾಕ್ಷ ವಕೀಲರು ಕಾಗದ ತಯಾರು ಮಾಡುತ್ತಿದ್ದಾರೆ.

ಬಸವಲಿಂಗನ ಮನೆಗೆ ನಾನೇ ಹೋದೆ. ಎಷ್ಟೋ ತಿಂಗಳಾದ ಮೇಲೆ. ಅವನು ಕೂತಿದ್ದ, ದುಂಡಪ್ಪನೂ ಅಲ್ಲೇ ಇದ್ದ. ಯಾಕಪ್ಪ ಅಪೀಲು, ಪರಿಹಾರ ಹೆಚ್ಚಾಯಿತೇ ಎಂದು ಕೇಳಿದೆ.

“ಪರಿಹಾರದ್ದು ನಾನು ಒಂದು ಮಾತಾಡಿಲ್ಲ” ಅಂದ ದುಂಡಪ್ಪ. “ಆಕಿ ಕೈ ನನ್ನ ಮಷೀನಿನ್ಯಾಗ ಹೋಗೇತಿ. ಕೊಡತೇನಿ. ಆದ್ರ ಖರ್ಚು ನಮ್ಮಿಬ್ಬರಿಗಷ್ಟ ಯಾಕ? ಸಹಿ ಮಾಡುವಾಗ ಮೂರು ಮಂದಿ ಇದ್ವಿ. ಈಗ ಊರಾಗೆಲ್ಲಾ ಇಬ್ಬರು ಸುಳ್ಳರು, ಒಬ್ಬಾಕಿ ಹರಿಶ್ಚಂದ್ರ.”

ಬಸವಲಿಂಗ ನೆಲ ನೋಡುತ್ತ ಅಂದ, “ಖರ್ಚಿನ್ಯಾಗ ನಿಮ್ಮ ಮೂರನೇ ಪಾಲೂ ಇದ್ದಿದ್ರ ನಾವು ಅಪೀಲು ಯಾಕ ಹೋಗತಿದ್ವಿ ವೈನಿ?”

ಎದ್ದು ಬಂದೆ. ಒಂದು ಪೈ ಕೊಡುವುದಿಲ್ಲ. ರೊಕ್ಕದ ಮಾತಲ್ಲ. ಕೊಟ್ಟರೆ ನಾನೂ ಕೊನೆಯ ತನಕ ಸುಳ್ಳು ಹೇಳಿದವಳು ಎಂದು ನಾನೇ ಒಪ್ಪಿಕೊಂಡ ಹಾಗೆ. ಅಷ್ಟು ಜನರೆದುರು ಕಟಕಟೆ ಹತ್ತಿದ್ದು ಯಾಕೆ ಮತ್ತೆ? ನಮ್ಮವರು ಊಟಕ್ಕೆ ಕರೆದರು. ಹೋಗಲಿಲ್ಲ.

ಭಾನುವಾರ, 16 ಫೆಬ್ರವರಿ

ಕಡಲೆ ನೋಡಲು ಸುರೇಬಾನಕ್ಕೆ. ಗಿಡ ಹಣ್ಣಾಗಿದೆ. ಇನ್ನು ಹದಿನೈದು ದಿನ ಬಿಟ್ಟರೆ ಕಾಯಿ ಉದುರುತ್ತದೆ.

ಇಂದ್ರವ್ವನ ಮನೆ ಮುಂದೆ ಹಾಯ್ದೆ. ಬಾಗಿಲ ಒಳಗೆ, ಹೊರಗಿನವರಿಗೆ ಕಾಣದ ಜಾಗದಲ್ಲಿ ಕೂತಿದ್ದಳು. ತೀರ್ಪು ಬಂತಲ್ಲ, ಇನ್ನೇನು, ಹೊರಗೆ ಬಾ ಅಂದೆ.

“ಅಪೀಲು ಐತಂತಲ್ರಿ. ಇನ್ನೂ ಹೊರಗ ಬೀಳಬ್ಯಾಡ ಅಂದಾರ ವಕೀಲರು.” ಆಮೇಲೆ ಕೇಳಿದಳು. “ಅಪೀಲು ಅಂದ್ರ ಎಷ್ಟ ವರ್ಷಾರಿ ಅಕ್ಕಾರ?”

“ನಾಕೈದು ಅಂತಾರ.”

ಬೆರಳು ಮಡಿಸಿ ಲೆಕ್ಕ ಹಾಕಿದಳು, ಎಡಗೈಯ ಬೆರಳು, ಮಡಿಸಲು ಬೇರೆ ಕೈ ಇಲ್ಲದೆ ತೊಡೆಗೆ ಒತ್ತಿ ಒತ್ತಿ. “ಅಷ್ಟೊತ್ತಿಗೆ ನಂಗ ಅರವತ್ತು ದಾಟತೈತ್ರಿ. ರೊಕ್ಕಾ ಬರಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಆಮ್ಯಾಲ ಹೊಲಕ್ಕ ನನ್ನ ಯಾರು ಕರಿತಾರು?”

ಕುಡಿಯಲು ನೀರು ಕೊಟ್ಟಳು, ಕುಡಿದೆ. ಬಸ್ಸಿನ ತನಕ ನಡೆಯುವಾಗ ದಾರಿ ಮುಗಿಯಲೇ ಇಲ್ಲ. ಐದು ವರ್ಷ. ಯಾವುದಕ್ಕೆ? ಇಬ್ಬರ ಹಟಕ್ಕೆ. ಇಬ್ಬರದಲ್ಲ, ಮೂವರದು. ನನ್ನ ಪೇಢೆ ಹಂಚಿದ ಸೊಕ್ಕೂ ಅದರಲ್ಲಿದೆ.

ಗುರುವಾರ, 20 ಫೆಬ್ರವರಿ

ಇಬ್ಬರನ್ನೂ ಅಂಗಡಿಗೆ ಕರೆಸಿದೆ. ಗಿರಾಕಿ ಇದ್ದರೂ ಶಟರ್ ಅರ್ಧ ಎಳೆದೆ.

“ಖರ್ಚಿನ ಮೂರನೇ ಪಾಲು ನಾ ಕೊಡತೇನಿ. ಅಪೀಲು ಬ್ಯಾಡ. ಪರಿಹಾರ, ಖರ್ಚು ಎಲ್ಲಾ ಬರೂ ಸೋಮವಾರ ಕೋರ್ಟಿಗೆ ತುಂಬಬೇಕು.”

ದುಂಡಪ್ಪನಿಗೆ ನಂಬಿಕೆ ಬರಲಿಲ್ಲ. “ಬರದು ಕೊಡತೀರೇನು? ಖರ್ಚಿಗೆ ಮೂರೂ ಮಂದಿ ಸಮ ಹೊಣಿ ಅಂತ?”

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬರೆದುಕೊಟ್ಟೆ. ಸಹಿ ಮಾಡುವಾಗ ಕಣ್ಣು ಉರಿಯಿತು. ಸಾಹೇಬರು ಬರೆದ ಆ ಒಂದು ಸಾಲು ನನ್ನದಾಗಿತ್ತು. ಇಷ್ಟು ವಯಸ್ಸಿನಲ್ಲಿ ನನ್ನ ಬಗ್ಗೆ ಯಾರೂ ಅಂಥದ್ದು ಬರೆದಿರಲಿಲ್ಲ.

ವಕೀಲಬಾಯಿಗೆ ಫೋನ್ ಮಾಡಿದರೆ ಬಯ್ದೇಬಿಟ್ಟರು. “ಜಡ್ಜ್ ಸಾಹೇಬ್ರು ನಿಮ್ಮನ್ನ ಬಿಟ್ಟಾರ, ನೀವ ಹೋಗಿ ಅವರ ಸಾಲಿನ್ಯಾಗ ನಿಂದರೂದ? ಖರ್ಚು ನನ್ನ ಮ್ಯಾಲೂ ಹಾಕ್ರಿ ಅಂದವರನ್ನ ನಾ ಇದ ಮೊದಲ ನೋಡಿದ್ದು.”

“ನಾನೂ ಇದ ಮೊದಲ” ಅಂದೆ.

ಹೋಗುವಾಗ ಬಸವಲಿಂಗ ಹೊಸ್ತಿಲಲ್ಲಿ ನಿಂತ. “ವೈನಿ… ಅಣ್ಣಾ ಮನ್ಯಾಗ ಅದಾನೇನು?” ಇದ್ದಾರೆ, ಹೋಗು ಅಂದೆ. ನಾನು ಇನ್ನೂ ಅವನ ಮುಖ ನೋಡಿ ನಗಲಾರೆ. ಆಗುತ್ತದೆ, ನಿಧಾನ.

ಸೋಮವಾರ, 24 ಫೆಬ್ರವರಿ

ದುಡ್ಡು ತುಂಬಿದೆವು. ಮೂವರೂ ಹೋದೆವು. ಅಪೀಲು ಹೋಗುವುದಿಲ್ಲ ಎಂದು ಕಾಗದ ಕೊಟ್ಟೆವು. ಪ್ರಜ್ಞಾ ತನ್ನ ವಕೀಲರ ಜೊತೆ ಬಂದಿದ್ದಳು. ಹೊರಗೆ ನನ್ನ ಹತ್ತಿರ ಬಂದಳು.

“ಖರ್ಚಿನ್ಯಾಗ ನಿಮ್ಮ ಹೆಸರು ಇರಲಿಲ್ಲಲ್ರಿ?”

“ಇರಲಿಲ್ಲ.”

“ಮತ್ತ?”

“ನಿಮ್ಮವ್ವನ್ನ ಕೇಳು.”

ಅವಳ ಬಸ್ಸಿನ ಹೊತ್ತಾಗಿತ್ತು.

ದುಂಡಪ್ಪ ದೂರದಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ತಾನೇ ಹೋಗಿ ಅವಳೆದುರು ನಿಂತು, “ತಂಗಿ, ಮುಚ್ಚಳ ನಾನ ಬಿಚ್ಚಿದ್ನವಾ” ಅಂದ. ಅಷ್ಟೇ ಅಂದು ನಡೆದ. ಕೋರ್ಟಿನಲ್ಲಿ ಒಂದು ಸಲವೂ ಅನ್ನದವನು.

ಶುಕ್ರವಾರ, 28 ಫೆಬ್ರವರಿ, ನಸುಕು, ಹೊಲದ ಶೆಡ್ಡಿನಲ್ಲಿ

ನಿನ್ನೆ ಸಂಜೆಯೇ ಬಂದು ಉಳಿದೆ. ಕಡಲೆ ಇಬ್ಬನಿ ಇರುವಾಗಲೇ ಕೀಳಬೇಕು, ಬಿಸಿಲೇರಿದರೆ ಕಾಯಿ ಉದುರುತ್ತದೆ. ಶಿವರಾತ್ರಿ ಉಪವಾಸದ ನಿಶ್ಶಕ್ತಿ ಇನ್ನೂ ಇದೆ. ಒಲೆಗೆ ಚಹಾ ಇಟ್ಟಿದ್ದೇನೆ.

ನಿನ್ನೆ ಇಲ್ಲಿಗೆ ಬರುವಾಗ ಪ್ರಜ್ಞಾಳದೇ ಬಸ್ಸು. ಆಧಾರ್ ತೆಗೆದೆ. “ಇರಲಿ ಬಿಡ್ರಿ ಅಕ್ಕಾರ” ಅಂದಳು. ನಿಯಮ ನಿಯಮ, ನೋಡು ಅಂದೆ. ನೋಡಿದಳು. ಆಮೇಲೆ ಅವ್ವನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು.

ಇಂದ್ರವ್ವನದು ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. “ಅಕ್ಕಾರ, ಕಡ್ಲಿ ಕೀಳಾಕ ಒಂದ ಕೈ ಸಾಕ್ರಿ.”

ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ ಎಂದುಕೊಂಡು ಅವಳು ಇನ್ನೂ ಜೋರಾಗಿ ಹೇಳಿದಳು. “ಯಾರರ ಫೋಟೊ ಹೊಡದ್ರೂ ಈಗ ಚಿಂತಿ ಇಲ್ಲಲ್ಲ? ನಾಳೆ ಬರತೇನಿ. ಪೂರಾ ಪಾಲು ತಗೋತೇನಿ ಮತ್ತ, ರಾಮವ್ವಗ ಹೇಳೇನಿ. ಹಿಂದ ಬಿದ್ರ ಬೈರಿ.”

ಬಾ ಅಂದೆ. ಬೇರೇನು ಅನ್ನಲಿ.

ಬಂದರು. ಬದುವಿನ ಮೇಲೆ ಸಾಲಾಗಿ ಬರುತ್ತಿದ್ದಾರೆ, ಇನ್ನೂ ಮುಖ ಕಾಣುವಷ್ಟು ಬೆಳಕಾಗಿಲ್ಲ. ರಾಮವ್ವನ ದನಿ ಕೇಳುತ್ತಿದೆ, ಯಾರಿಗೋ ಬೈಯುತ್ತಿದ್ದಾಳೆ. ನಗು. ಅದರಲ್ಲಿ ಒಂದು ನಗು ಬಹಳ ದಿನ ಕೇಳಿರಲಿಲ್ಲ.

“ಅಕ್ಕಾರ, ನಾ ಯಾವ ಸಾಲು ಹಿಡೀಲಿ?”

ಹೋಗಿ ತೋರಿಸಿ ಬರುತ್ತೇನೆ.